ಇಳಕಲ್ ಸೀರೆ, ದಿನಕ್ಕ ಹದಿನಾಲ್ಕು ರೂಪಾಯಿ

ಇಳಕಲ್ ಸೀರೆ ಸೆರಗು ಹತ್ರದಿಂದ ನೋಡ್ರಿ. ಒಡಲಿನ ಹಾಸು ಬ್ಯಾರೆ, ಸೆರಗಿನ ಕೆಂಪು ರೇಷ್ಮೆ ಹಾಸು ಬ್ಯಾರೆ. ಎಳೆಗೆ ಎಳೆ ಸಿಕ್ಕಿಸಿ ಎರಡನ್ನೂ ಕೂಡಿಸ್ತಾರ. ಇದೇ ಕೊಂಡಿ. ಹೆಚ್ಚಾಗಿ ಮನಿ ಹೆಣ್ಮಕ್ಕಳ ಕೈಕೆಲಸ.

ಇಂಥಾ ಸೀರೆ ನೇಯೋರಿಗೆ ಸರ್ಕಾರ ಏನೂ ಮಾಡಿಲ್ಲ ಅನ್ನಂಗಿಲ್ಲ. ನೇಕಾರರ ಬ್ಯಾಂಕ್ ಖಾತೆಗೆ ರೊಕ್ಕ ಹಾಕೋ ನೇಕಾರ ಸಮ್ಮಾನ್ ಯೋಜನೆ 2020ರಾಗ ವರ್ಷಕ್ಕ 2,000 ರೂಪಾಯಿಯಿಂದ ಶುರುವಾಗಿ ಆಮೇಲೆ 5,000 ಆತು. ದಿನಕ್ಕ ಹಂಚಿದ್ರ ಹದಿನಾಲ್ಕು ರೂಪಾಯಿನೂ ಬರಂಗಿಲ್ಲ. ಒಂದು ಚಾದ ರೊಕ್ಕ, ಅಷ್ಟ!

ಸೀರೆಗೆ ಜಿಐ ಟ್ಯಾಗ್ ಐತಿ. ಕೆಲವು ಬಟ್ಟೆ ಕೈಮಗ್ಗಕ್ಕಷ್ಟೇ ಅಂತ 1985ರ ಕೇಂದ್ರ ಕಾಯ್ದೆನೂ ಐತಿ. ಆದ್ರೂ ಪವರ್‌ಲೂಮ್ ಸೀರೆ ಅದೇ ಇಳಕಲ್ ಹೆಸರಿನಾಗ ಅಗ್ಗಕ್ಕ ಮಾರಾಟ ಆಗ್ತೈತಿ. ರೋಗ ಪ್ಯಾಟಿಯೊಳಗ, ಮದ್ದು ಬ್ಯಾಂಕ್ ಖಾತೆಗೆ!

ಅದಕ್ಕ ಮುಂದಿನ ಸಲ ಸೀರೆ ಕೊಳ್ಳುವಾಗ, ಕೈಮಗ್ಗದ್ದು ಹೌದೋ ಅಲ್ಲೋ ತಿಳೀಲಿಕ್ಕೆ ಸೆರಗು ಮಗುಚಿ ಕೇಳ್ರಿ: ‘ಕೊಂಡಿ ಎಲ್ಲೈತಿ, ತೋರಸ್ರಿ.’