ಸುಳ್ಳು ಆರೋಪಕ್ಕೆ ರಾಜೀನಾಮೆ ಉತ್ತರವಲ್ಲ
ಕೋಲಾರ: ಕಳವು, ದುರ್ನಡತೆಯ ಸುಳ್ಳು ಆರೋಪ ಹೊತ್ತ ನೌಕರನಿಗೆ ಕಾನೂನಿನ ರಕ್ಷಣೆ ಏನು? ಈ ಕುರಿತು ದೇಶದ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುವ ತೀರ್ಪೊಂದರ ಮೂಲ ಇದೇ ಜಿಲ್ಲೆಯ ಚಿನ್ನದ ಗಣಿಯಲ್ಲಿದೆ.

1985ರ ಜೂನ್ 2ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ ದಾಳಿ ನಡೆಸಿದ ಪೊಲೀಸರು, 4.5 ಗ್ರಾಂ ಚಿನ್ನದ ಉಂಡೆ ಮತ್ತು ಚಿನ್ನಮಿಶ್ರಿತ ಮರಳು ದೊರೆತಿದೆ ಎಂದರು. ಅಧಿಕಾರಿ ಅಮಾನತುಗೊಂಡರು. ಕ್ರಿಮಿನಲ್ ಮೊಕದ್ದಮೆಯ ಜತೆಗೇ ಇಲಾಖಾ ವಿಚಾರಣೆಯೂ ಆರಂಭವಾಯಿತು. ಜೀವನಾಧಾರ ಭತ್ಯೆ ಕೈಸೇರದೆ, ಕೇರಳದಲ್ಲಿದ್ದ ಅವರು ವಿಚಾರಣೆಗೆ ಬರಲಾಗಲಿಲ್ಲ. ಸಂಸ್ಥೆ ಏಕಪಕ್ಷೀಯವಾಗಿ ವಿಚಾರಣೆ ಮುಗಿಸಿ 1986ರಲ್ಲಿ ಅವರನ್ನು ವಜಾ ಮಾಡಿತು. ದಾಳಿಯಲ್ಲಿ ಚಿನ್ನ ದೊರೆತದ್ದೇ ರುಜುವಾತಾಗಿಲ್ಲವೆಂದು ಮರುವರ್ಷ ನ್ಯಾಯಾಲಯ ಖುಲಾಸೆ ಮಾಡಿದರೂ ಸಂಸ್ಥೆ ಪಟ್ಟು ಸಡಿಲಿಸಲಿಲ್ಲ. ಕೊನೆಗೆ 1999ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ಭತ್ಯೆ ನೀಡದೆ ನಡೆಸಿದ ವಿಚಾರಣೆಯೇ ದೋಷಪೂರಿತವೆಂದು ಹೇಳಿ, ಪೂರ್ಣ ಬಾಕಿ ವೇತನದೊಂದಿಗೆ ಸೇವೆಗೆ ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಅಷ್ಟರಲ್ಲಿ ಸುಮಾರು 14 ವರ್ಷ ಕಳೆದಿತ್ತು. 2001ರಲ್ಲಿ ಗಣಿಯೇ ಮುಚ್ಚಿತು.

ಹಾಗೆಂದು ಖುಲಾಸೆಯಾದ ಮಾತ್ರಕ್ಕೆ ಕೆಲಸ ತಾನಾಗಿ ಮರಳದು. ಎರಡೂ ಕಡೆ ಆರೋಪ, ಸಾಕ್ಷ್ಯ ಒಂದೇ ಆಗಿದ್ದುದು ಈ ಪ್ರಕರಣದಲ್ಲಿ ನೆರವಾಯಿತು.

ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ನರಸಾಪುರ, ಮಾಲೂರಿನ ಕಾರ್ಖಾನೆಗಳಿಗೆ ದುಡಿಯಲು ಹೋಗುವವರಿಗೆ ಆರೋಪಕ್ಕಿಂತಲೂ ಅಪಾಯಕಾರಿಯಾದದ್ದು ರಾಜೀನಾಮೆ ಪತ್ರ. ‘ಸಹಿ ಹಾಕಿ ಹೋಗು, ಪೊಲೀಸರವರೆಗೆ ಒಯ್ಯುವುದಿಲ್ಲ’ ಎಂಬ ಮಾತು ನಂಬಿ ಸಹಿ ಮಾಡಿದರೆ, ಒತ್ತಾಯವಿತ್ತೆಂದು ರುಜುವಾತುಪಡಿಸುವ ಹೊಣೆ ನೌಕರನದೇ. ಅದರ ಬದಲು ಆರೋಪಪಟ್ಟಿಗೆ ಗಡುವಿನೊಳಗೆ ಲಿಖಿತ ಉತ್ತರ ನೀಡಿ ಸ್ವೀಕೃತಿ ಪಡೆಯಬೇಕು. ದಾಖಲೆಗಳ ಪ್ರತಿ ಕೇಳಬೇಕು. ವಿಚಾರಣೆಗೆ ಹಾಜರಾಗಿ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಬೇಕು.

ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಅದರಂತೆ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ, ಅಮಾನತಾದವರಿಗೆ ಮೊದಲ 90 ದಿನ ವೇತನದ ಶೇ 50, ವಿಳಂಬಕ್ಕೆ ಕಾರ್ಮಿಕ ಕಾರಣನಲ್ಲದಿದ್ದರೆ ಬಳಿಕ ಶೇ 75 ಭತ್ಯೆ ಸಲ್ಲಬೇಕು. ವಜಾ ಆದವರು ಸಂಧಾನಾಧಿಕಾರಿಗೆ ಅರ್ಜಿ ಸಲ್ಲಿಸಿ, 45 ದಿನ ಕಳೆದ ಮೇಲೆ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು. ವಜಾ ಆದ ದಿನದಿಂದ ಎರಡು ವರ್ಷ ಮೀರುವಂತಿಲ್ಲ.

18,000 ರೂಪಾಯಿಗಿಂತ ಹೆಚ್ಚು ಮಾಸಿಕ ವೇತನದ ಮೇಲ್ವಿಚಾರಕರು ಈ ವ್ಯಾಪ್ತಿಗೆ ಬರುವುದಿಲ್ಲ. ಅವರಿಗಿರುವುದು ಸಿವಿಲ್ ನ್ಯಾಯಾಲಯ. ರಾಜ್ಯ ಸರ್ಕಾರಿ ನೌಕರರು ಆಡಳಿತ ನ್ಯಾಯಮಂಡಳಿಯ ಮೊರೆಹೋಗಬೇಕು.