ತೆರೆಯಾಚೆಯ ಪರದೇಶ

ಶಹಾಪುರದ ಬಳಿ ನಿಂತು ನೋಡಿದರೆ ಸಾಲುಬೆಟ್ಟಗಳು ಮಲಗಿದ ಬುದ್ಧನಂತೆ ಕಾಣುತ್ತವೆ. ನಿಂತ ಜಾಗ ಬದಲಾದರೆ ಬುದ್ಧ ಮಾಯ, ಉಳಿಯುವುದು ಬರೀ ಬಂಡೆ. ಎಲ್ಲಿ ನಿಂತು ನೋಡಬೇಕೆಂದು ನಿರ್ಧರಿಸುವುದೇ ಸಿನಿಮಾದವರ ಕಸುಬು. ಈ ಬೆಟ್ಟದೆದುರೋ, ಸುರಪುರದ ಅರಮನೆಯೆದುರೋ ತೆಗೆದ ದೃಶ್ಯ ಕೆಟ್ಟರೆ ಮರುವಾರ ಬಂದು ಮತ್ತೆ ತೆಗೆಯಬಹುದು. ಕಡಲಾಚೆ ಹೋದ ತಂಡಕ್ಕೆ ಆ ಸೌಕರ್ಯ ಸುಲಭವಾಗಿ ಸಿಗದು.

ಭಾರತದ ಹೊರಗೆ ಚಿತ್ರೀಕರಣಗೊಂಡ ಮೊದಲ ಕನ್ನಡ ಚಿತ್ರವೆಂದು ಹೆಸರಾದದ್ದು 1978ರ ‘ಸಿಂಗಪೂರಿನಲ್ಲಿ ರಾಜಾಕುಳ್ಳ’. ನಿರ್ಮಾಪಕರು ದ್ವಾರಕೀಶ್, ನಿರ್ದೇಶಕರು ಸಿ.ವಿ. ರಾಜೇಂದ್ರನ್. 1986ರಲ್ಲಿ ದ್ವಾರಕೀಶ್ ಅವರೇ ‘ಆಫ್ರಿಕಾದಲ್ಲಿ ಶೀಲಾ’ ನಿರ್ದೇಶಿಸಿದರು. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ 1997ರಲ್ಲಿ ತೆರೆಕಂಡಿತು. ತೆರೆಯ ಮೇಲೆ ಕಂಡದ್ದು ನಾಯಕ, ನಾಯಕಿ ಮತ್ತು ಪರದೇಶದ ಬೀದಿ. ಅದರ ಹಿಂದಿದ್ದ ದುಡಿಮೆಯ ಬಗೆ ಬೇರೆ.

ಆ ಕಾಲದ ದೊಡ್ಡ ಆತಂಕ ಫಿಲ್ಮಿನದು. 35 ಮಿ.ಮೀ. ಫಿಲ್ಮಿನ 400 ಅಡಿಯ ಸುರುಳಿ ಓಡುವುದು ಸುಮಾರು ನಾಲ್ಕೂವರೆ ನಿಮಿಷ ಮಾತ್ರ. ಬಿಸಿಲು, ತೇವ, ವಿಮಾನ ನಿಲ್ದಾಣದ ಎಕ್ಸ್‌ರೇ, ಮೂರೂ ಅದಕ್ಕೆ ಶತ್ರುಗಳು. ಸಂಸ್ಕರಣೆಯಾಗುವ ತನಕ ಚಿತ್ರ ಮೂಡಿದೆಯೋ ಇಲ್ಲವೋ ತಿಳಿಯದು. ಎಪ್ಪತ್ತರ ದಶಕದಲ್ಲಿ ಕನ್ನಡ ಚಿತ್ರಗಳು ಹೆಚ್ಚಾಗಿ ನೆಚ್ಚಿದ್ದು ಯಾದಗಿರಿಯ ರೈಲು ಹಳಿ ಹೋಗಿ ಮುಟ್ಟುವ ಮದ್ರಾಸಿನ ಲ್ಯಾಬುಗಳನ್ನು. ಕ್ಯಾಮೆರಾದ ಗೇಟಿನಲ್ಲಿ ಕೂದಲೆಳೆಯಷ್ಟು ಕಸ ಸಿಕ್ಕಿಕೊಂಡರೂ ಅದರ ನೆರಳು ಇಡೀ ದೃಶ್ಯದ ಮೇಲೆ ಬೀಳುತ್ತದೆ. ತಪ್ಪು ಲ್ಯಾಬಿನಲ್ಲಿ ಗೊತ್ತಾಗುವ ಹೊತ್ತಿಗೆ ತಂಡ ಊರು ಸೇರಿರುತ್ತದೆ. ಆದ್ದರಿಂದಲೇ ಸಹಾಯಕ ಕ್ಯಾಮೆರಾಮನ್ ಶಾಟ್ ಮುಗಿದೊಡನೆ ಗೇಟು ತೆರೆದು ನೋಡುತ್ತಾನೆ. ಅವನ ಒಂದು ಕ್ಷಣದ ಉದಾಸೀನಕ್ಕೆ ನಿರ್ಮಾಪಕ ಲಕ್ಷಗಳಲ್ಲಿ ಬೆಲೆ ತೆರಬೇಕಾದೀತು.

ಇನ್ನೊಂದು ಕೆಲಸ ಕಾಗದಪತ್ರದ್ದು. ಕ್ಯಾಮೆರಾ, ಲೆನ್ಸುಗಳನ್ನು ತಾತ್ಕಾಲಿಕವಾಗಿ ಒಯ್ದು ಸುಂಕ ಕಟ್ಟದೆ ಮರಳಿ ತರಲು ‘ಎಟಿಎ ಕಾರ್ನೆಟ್’ ಎಂಬ ದಾಖಲೆಯಿದೆ. 1961ರ ಅಂತರರಾಷ್ಟ್ರೀಯ ಒಪ್ಪಂದದಿಂದ ಬಂದ ಇದನ್ನು ಭಾರತದಲ್ಲಿ ಫಿಕ್ಕಿ ಸಂಸ್ಥೆ ಕೊಡುತ್ತದೆ. ಅವಧಿ ಹೆಚ್ಚೆಂದರೆ ಒಂದು ವರ್ಷ. ಪಟ್ಟಿಯಲ್ಲಿರುವ ಒಂದು ಲೆನ್ಸ್ ಮರಳದಿದ್ದರೂ ಸುಂಕದ ಹೊರೆ ತಪ್ಪದು. ವಿದ್ಯುತ್ತೂ ಬೇರೆ: ಇಲ್ಲಿ 230 ವೋಲ್ಟ್, ಅಮೆರಿಕದಲ್ಲಿ 120. ಇಲ್ಲಿಯ ದೀಪ ಅಲ್ಲಿ ಮಂಕಾಗುತ್ತದೆ.

ವಿಮಾನದ ಟಿಕೆಟ್ಟು, ವಸತಿಯ ಖರ್ಚು ಉಳಿಸಲು ತಂಡವನ್ನು ಕಿರಿದಾಗಿಸುವುದು ವಾಡಿಕೆ. ಆಗ ಮೂವರ ಕೆಲಸ ಒಬ್ಬನ ಹೆಗಲಿಗೆ ಬೀಳುತ್ತದೆ. ಊರಿನಲ್ಲೇ ಉಳಿದ ಲೈಟ್‌ಬಾಯ್‌ಗೆ ಅಷ್ಟು ದಿನದ ಕೂಲಿ ತಪ್ಪುತ್ತದೆ.

‘ಪರದೇಶ’ವೆಂಬುದೂ ನಿಂತ ಜಾಗದ ಮಾತೇ. ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಗುಹೆಗಳಿಗೆ ಮೂಲ ಬಿಹಾರದ ಬರಾಬರ್. ಚಿತ್ರೀಕರಣ ನಡೆದದ್ದು ಸಾವನದುರ್ಗ ಮತ್ತು ರಾಮನಗರದ ಬಂಡೆಗಳಲ್ಲಿ. ಬ್ರಿಟಿಷ್ ತಂಡಕ್ಕೆ ನಮ್ಮ ನೆಲವೇ ಪರದೇಶವಾಗಿತ್ತು.

ಇಂದು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದನ್ನು ಕೂಡಲೇ ನೋಡಬಹುದು. ಫಿಲ್ಮಿನ ಭಯ ಹೋಗಿದೆ. ಪೆಟ್ಟಿಗೆ ಎಣಿಸುವವನ, ದೀಪ ಹೊರುವವನ ಕೆಲಸ ಹೋಗಿಲ್ಲ. ಚಿತ್ರ ಮುಗಿದು ಹೆಸರುಗಳು ಮೇಲೇರುವಾಗ ಪ್ರೇಕ್ಷಕರು ಏಳದೆ ಎರಡು ನಿಮಿಷ ಕೂತರೆ, ಅವರಲ್ಲಿ ಕೆಲವರ ಹೆಸರಾದರೂ ಕಣ್ಣಿಗೆ ಬಿದ್ದೀತು.