ಕಾಮಗಾರಿ ನಡೆಯುವಾಗಲೂ ಅದು ರಸ್ತೆಯೇ

‘ಶಿರಾಡಿ ಓಪನ್ ಇದೆಯಾ?’

ಮಳೆ ಹಿಡಿಯಿತೆಂದರೆ ಮಂಗಳೂರು–ಬೆಂಗಳೂರು ನಡುವೆ ಓಡಾಡುವವರೆಲ್ಲ ಹೊರಡುವ ಮುನ್ನ ಕೇಳುವ ಮೊದಲ ಪ್ರಶ್ನೆ ಇದು. ಲಾರಿ ಚಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಟ್ರಾವೆಲ್ಸ್ ಕಚೇರಿಗಳಲ್ಲಿ, ಸಕಲೇಶಪುರದ ಪೆಟ್ರೋಲ್ ಬಂಕುಗಳಲ್ಲಿ, ಮಗಳ ಮದುವೆಗೆ ನೆಂಟರನ್ನು ಕಾಯುತ್ತಿರುವ ಮನೆಗಳಲ್ಲಿ ಇದೇ ವಿಚಾರಣೆ. ರಾಜಧಾನಿಯನ್ನು ರಾಜ್ಯದ ಪ್ರಮುಖ ಬಂದರಿಗೆ ಜೋಡಿಸುವ ರಾಷ್ಟ್ರೀಯ ಹೆದ್ದಾರಿ 75 ಇವತ್ತು ತೆರೆದಿದೆಯೋ ಇಲ್ಲವೋ ಎಂದು ಕೇಳಿಕೊಂಡೇ ಹೊರಡುವುದು ಇಲ್ಲಿನವರಿಗೆ ಎಷ್ಟು ರೂಢಿಯಾಗಿದೆ ಎಂದರೆ, ಇದು ಅಸಹಜ ಎಂಬುದೇ ಮರೆತುಹೋಗಿದೆ.

ಹಾಸನದಿಂದ ಹೊರಟು ಆಲೂರು, ಸಕಲೇಶಪುರ ದಾಟಿ ಮಾರನಹಳ್ಳಿಯವರೆಗೆ ಸುಮಾರು 45 ಕಿ.ಮೀ. ಅಲ್ಲಿಂದ ಅಡ್ಡಹೊಳೆಯವರೆಗೆ ಸುಮಾರು 26 ಕಿ.ಮೀ. ಶಿರಾಡಿ ಘಾಟಿ. ಕೆಳಗಿಳಿದ ಮೇಲೆ ನೆಲ್ಯಾಡಿ, ಉಪ್ಪಿನಂಗಡಿ, ಮಾಣಿ, ಕಲ್ಲಡ್ಕ ಹಾದು ಬಿ.ಸಿ. ರೋಡ್‌ವರೆಗೆ ಇನ್ನೂ 60 ಕಿ.ಮೀ.ಗೂ ಹೆಚ್ಚು. ಘಾಟಿಯ ಮೇಲಿನ ಮತ್ತು ಕೆಳಗಿನ ಎರಡೂ ಭಾಗಗಳನ್ನು ಚತುಷ್ಪಥ ಮಾಡುವ ಕೆಲಸ ಶುರುವಾದದ್ದು 2017ರ ಸುಮಾರಿಗೆ. ಮೇಲಿನ ಭಾಗವನ್ನು ಹಿಡಿದ ಮೊದಲ ಗುತ್ತಿಗೆ ಸಂಸ್ಥೆ ಹಣಕಾಸಿನಲ್ಲಿ ಮುಗ್ಗರಿಸಿತು. ಕೆಳಗಿನ ಭಾಗವನ್ನು ಹಿಡಿದ ಸಂಸ್ಥೆ ಅರ್ಧಕ್ಕೇ ಕೈಬಿಟ್ಟು ಹೋಯಿತು. ಆ ಭಾಗವನ್ನು ಎರಡು ತುಂಡು ಮಾಡಿ ಮತ್ತೆ ಟೆಂಡರ್ ಕರೆಯಬೇಕಾಯಿತು. ಈ ಟೆಂಡರ್‌ಗೂ ಆ ಟೆಂಡರ್‌ಗೂ ನಡುವಿನ ವರ್ಷಗಳಲ್ಲಿ ಅಗೆದ ನೆಲ ಅಗೆದ ಹಾಗೆಯೇ ಇತ್ತು. ವಾಹನಗಳ ಓಟ ಮಾತ್ರ ಅದರ ಮೇಲೆಯೇ ನಡೆದಿತ್ತು.

ನನ್ನ ತಕರಾರು ಇರುವುದು ಈ ನಡುವಿನ ವರ್ಷಗಳ ಬಗ್ಗೆ. ಅಗಲವಾದ ರಸ್ತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಶಂಕುಸ್ಥಾಪನೆಯ ದಿನ ಅದಕ್ಕೆ ಲೆಕ್ಕವಿರುತ್ತದೆ, ಉದ್ಘಾಟನೆಯ ದಿನ ಲೆಕ್ಕವಿರುತ್ತದೆ. ಈ ಎರಡು ದಿನಗಳ ನಡುವೆ ಅದೇ ದಾರಿಯಲ್ಲಿ ಹೊಟ್ಟೆಪಾಡಿಗಾಗಿ ದಿನವೂ ಗಾಡಿ ಓಡಿಸಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ‘ಕಾಮಗಾರಿ ಪ್ರಗತಿಯಲ್ಲಿದೆ, ಅಡಚಣೆಗಾಗಿ ಕ್ಷಮಿಸಿ’ ಎಂಬ ಬೋರ್ಡು ನೆಟ್ಟರೆ ಅಲ್ಲಿಗೆ ಹೊಣೆ ಮುಗಿಯಿತು ಎಂಬಂತೆ ವರ್ತಿಸಲಾಗುತ್ತದೆ. 2017ರಿಂದ ಎಣಿಸಿದರೆ ಎಂಟು ವರ್ಷ ದಾಟಿತು. ಎಂಟು ವರ್ಷ ಎಂದರೆ ಒಬ್ಬ ಲಾರಿ ಚಾಲಕನ ದುಡಿಮೆಯ ಆಯಸ್ಸಿನಲ್ಲಿ ದೊಡ್ಡ ಪಾಲು.

ಜುಲೈ ತಿಂಗಳ ಒಂದು ರಾತ್ರಿಯನ್ನು ನೆನೆಸಿಕೊಳ್ಳಿ. ಧೋ ಎಂದು ಸುರಿಯುವ ಮಳೆ. ವೈಪರ್ ಎಷ್ಟು ಬಡಿದರೂ ಗಾಜಿನ ಮೇಲೆ ನೀರಿನ ಪರದೆ. ಎದುರಿನ ಬಸ್ಸಿನ ಹೈಬೀಮ್ ಬೆಳಕು ಒದ್ದೆ ರಸ್ತೆಗೆ ಬಿದ್ದು ಕಣ್ಣಿಗೇ ಹೊಡೆಯುತ್ತದೆ. ನಾಲ್ಕು ಪಥದ ನುಣುಪು ಕಾಂಕ್ರೀಟ್ ಮೇಲೆ ಅರ್ಧ ಕಿಲೋಮೀಟರ್ ಆರಾಮಾಗಿ ಬಂದಿರುತ್ತೀರಿ. ಇದ್ದಕ್ಕಿದ್ದಂತೆ ರಸ್ತೆ ಮುಗಿಯುತ್ತದೆ. ಎದುರಿಗೆ ಮಣ್ಣಿನ ಗುಡ್ಡೆ, ಅದರ ಮುಂದೆ ಮರಳು ತುಂಬಿದ ನಾಲ್ಕು ಚೀಲ, ಹರಿದು ನೇತಾಡುವ ಕೆಂಪು–ಬಿಳಿ ಟೇಪು. ಬಾಣದ ಗುರುತು ಇದ್ದರೂ ಕೆಸರು ಎರಚಿ ಅದರ ಮೇಲಿನ ಪ್ರತಿಫಲಕ ಎಂದೋ ಮುಚ್ಚಿಹೋಗಿದೆ. ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸಲು ಸಿಗುವುದು ಎರಡು ಕ್ಷಣ. ಆ ದಾರಿಯನ್ನು ದಿನವೂ ತುಳಿದವನಿಗೆ ಅಂದಾಜು ಇರುತ್ತದೆ. ಆದರೆ ಹೋದ ವಾರ ಎಡಕ್ಕಿದ್ದ ಡೈವರ್ಷನ್ ಈ ವಾರ ಬಲಕ್ಕಿದ್ದರೆ ಅವನ ಅಂದಾಜೇ ಅವನನ್ನು ಹಳ್ಳಕ್ಕೆ ತಳ್ಳುತ್ತದೆ. ಬೈಕಿನವನ ಪಾಡು ಇದಕ್ಕಿಂತ ಕಷ್ಟ. ನೀರು ತುಂಬಿದ ಗುಂಡಿ ಗೇಣು ಆಳವೋ ಮೊಣಕಾಲು ಆಳವೋ ತಿಳಿಯುವುದು ಚಕ್ರ ಇಳಿದ ಮೇಲೆಯೇ.

ಘಾಟಿಯಲ್ಲಿ ಜಾಮ್ ಆದಾಗ ಲಾರಿಯವರ ಪಾಡು ಕಾರಿನವರಿಗೆ ಗೊತ್ತಾಗುವುದಿಲ್ಲ. ಮಂಗಳೂರು ಕಡೆಯಿಂದ ಮೇಲೇರುವುದೆಲ್ಲ ಭಾರದ ಗಾಡಿಗಳು. ಪೆಟ್ರೋಲ್, ಡೀಸೆಲ್ ಟ್ಯಾಂಕರ್, ಅಡುಗೆ ಅನಿಲದ ಬುಲೆಟ್ ಟ್ಯಾಂಕರ್, ಖಾದ್ಯ ತೈಲ, ಗೊಬ್ಬರ, ಕಂಟೇನರ್. ಏರಿನಲ್ಲಿ ಮುಂದಿನ ಗಾಡಿ ಹತ್ತಡಿ ಸರಿದು ನಿಲ್ಲುತ್ತದೆ, ಹಿಂದಿನದೂ ಹತ್ತಡಿ ಸರಿಯಬೇಕು. ಹಾಫ್ ಕ್ಲಚ್ಚಿನಲ್ಲಿ ಹಿಡಿದು ಹಿಡಿದು ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಕ್ಯಾಬಿನ್ನಿಗೇ ಬರುತ್ತದೆ. ಒಂದು ಲಾರಿ ಅಲ್ಲೇ ಕೂತಿತು ಎಂದರೆ ಹಿಂದಿನವರೆಲ್ಲರ ರಾತ್ರಿ ಹೋಯಿತು. ಕೆಸರು ಗುಂಡಿಯಲ್ಲಿ ಭಾರದ ಗಾಡಿ ಒಂದೇ ಕಡೆ ವಾಲಿದರೆ ಸ್ಪ್ರಿಂಗ್ ಪ್ಲೇಟ್ ಮುರಿಯುತ್ತದೆ, ಜಲ್ಲಿಯ ಚೂಪಿಗೆ ಟೈರಿನ ಪಕ್ಕೆ ಸೀಳುತ್ತದೆ. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವ ಚಾಲಕನಿಗೆ ಬಾಟಾ ಸಿಗುವುದು ಟ್ರಿಪ್ಪಿಗೆ. ಹನ್ನೆರಡು ಗಂಟೆಯ ಹಾದಿ ಇಪ್ಪತ್ತನಾಲ್ಕು ಗಂಟೆಯಾದರೂ ಬಾಟಾ ಎರಡು ಪಾಲಾಗುವುದಿಲ್ಲ. ಊಟ, ನಿದ್ದೆ, ಶೌಚಕ್ಕೆ ಜಾಗ, ಯಾವುದೂ ಇಲ್ಲ. ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರ್ ಕೂಡ ಇಲ್ಲದಿರುವುದರಿಂದ ಗಾಡಿ ಬಿಟ್ಟು ಇಳಿಯುವಂತಿಲ್ಲ. ಸ್ವಂತ ಲಾರಿ ಇಟ್ಟವನಿಗೆ ಮೇಲಿಂದ ಕಂತಿನ ಚಿಂತೆ, ಘಾಟಿ ಬಂದ್ ಆಯಿತೆಂದು ಫೈನಾನ್ಸಿನವರು ತಿಂಗಳು ಬಿಡುವುದಿಲ್ಲ.

ಆಂಬುಲೆನ್ಸಿನ ಮಾತು ಹೇಳದಿದ್ದರೆ ಈ ದಾರಿಯ ಕಥೆ ಪೂರ್ತಿಯಾಗುವುದಿಲ್ಲ. ಸಕಲೇಶಪುರದ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರಿನ ಆಸ್ಪತ್ರೆಗಳೇ ಕಣ್ಣಿಗೆ ಬೀಳುವುದು. ರೋಗಿಯನ್ನು ಹೊತ್ತ ಗಾಡಿಗೆ ದಾರಿ ಬಿಡಲು ಎಲ್ಲರಿಗೂ ಮನಸ್ಸಿರುತ್ತದೆ. ಒಂದು ಕಡೆ ಅಗೆದ ಗುಡ್ಡ, ಇನ್ನೊಂದು ಕಡೆ ಪ್ರಪಾತ ಇರುವ ಒಂದೇ ಸಾಲಿನ ಡೈವರ್ಷನ್ನಿನಲ್ಲಿ ಸರಿದು ನಿಲ್ಲಲು ಜಾಗ ಎಲ್ಲಿದೆ?

ಇನ್ನು ಗುಡ್ಡಗಳ ವಿಷಯ. ಅಗಲ ಮಾಡಬೇಕೆಂದರೆ ಗುಡ್ಡವನ್ನು ಕೊರೆಯಲೇಬೇಕು. ಹೇಗೆ ಕೊರೆಯುತ್ತೀರಿ ಎಂಬುದೇ ಪ್ರಶ್ನೆ. ಮಣ್ಣಿನ ಗುಣ ನೋಡಿ ಇಳಿಜಾರು ಕೊಟ್ಟು, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಮೇಲಿನ ನೀರು ಕೆಳಗೆ ನುಗ್ಗದಂತೆ ಚರಂಡಿ ತೆಗೆದು, ಬುಡಕ್ಕೆ ತಡೆಗೋಡೆ ಕಟ್ಟಿದರೆ ಗುಡ್ಡ ನಿಲ್ಲುತ್ತದೆ. ಹಾಗೆ ಮಾಡಲು ಹೆಚ್ಚು ಜಾಗ ಬೇಕು, ಹೆಚ್ಚು ಹಣ ಬೇಕು, ಭೂಸ್ವಾಧೀನ ಬೇಕು. ನೆಟ್ಟಗೆ ಗೋಡೆಯಂತೆ ಕತ್ತರಿಸಿದರೆ ಇದೆಲ್ಲ ಉಳಿಯುತ್ತದೆ. ಘಟ್ಟದ ಮಳೆಗೆ ಮಣ್ಣು ನೀರು ಕುಡಿದು ಭಾರವಾದಾಗ ಆ ಉಳಿತಾಯವೇ ಕೆಳಗೆ ಕುಸಿದು ಬರುತ್ತದೆ. 2024ರ ಜುಲೈನಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲಿನಲ್ಲಿ ಗುಡ್ಡ ಮತ್ತೆ ಮತ್ತೆ ಜರಿದು, ಮಣ್ಣಿನಲ್ಲಿ ವಾಹನಗಳು ಸಿಕ್ಕಿಕೊಂಡು, ಹೆದ್ದಾರಿಯನ್ನು ಪದೇ ಪದೇ ಮುಚ್ಚಬೇಕಾಯಿತು. ಸ್ಥಳಕ್ಕೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೂ ಗುಡ್ಡವನ್ನು ನೆಟ್ಟಗೆ ಕತ್ತರಿಸಿದ್ದೇ ತಪ್ಪು ಎಂದರು. ಆ ಊರಿನ ಕಾಫಿ ಬೆಳೆಗಾರರು, ಕೂಲಿಯವರು ಮೊದಲೇ ಹೇಳುತ್ತಿದ್ದದ್ದು ಇದೇ ಮಾತು.

ಅದೇ ತಿಂಗಳ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಆದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಹೆದ್ದಾರಿ 66ರ ಪಕ್ಕದ ಗುಡ್ಡ ಒಂದು ಬೆಳಿಗ್ಗೆ ಪೂರ್ತಿ ಕೆಳಗಿಳಿಯಿತು. ಅದರ ಬುಡದಲ್ಲಿ ಒಂದು ಚಹಾದ ಅಂಗಡಿ ಇತ್ತು. ದೂರದ ಚಾಲಕರು ಗಾಡಿ ನಿಲ್ಲಿಸಿ ಚಹಾ ಕುಡಿದು, ಬೆನ್ನು ನೇರ ಮಾಡಿಕೊಂಡು ಮುಂದೆ ಹೋಗುತ್ತಿದ್ದ ಜಾಗ ಅದು. ಅಂಗಡಿ, ಅಂಗಡಿಯ ಸಂಸಾರ, ಚಾಲಕರು ಎಲ್ಲರೂ ಮಣ್ಣಿನ ಜೊತೆ ಹೋದರು. ಅನಿಲದ ಟ್ಯಾಂಕರ್ ಗಂಗಾವಳಿ ನದಿಗೆ ಬಿತ್ತು. ಮರ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯನ್ನು, ಅದರೊಳಗಿದ್ದ ಚಾಲಕನ ಶವದೊಂದಿಗೆ, ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಶಿರೂರಿನ ಗುಡ್ಡ ಕುಸಿದು ಮೂರು ವಾರ ಕಳೆದಿತ್ತಷ್ಟೇ, ಆಗಸ್ಟ್ 7ರ ನಡುರಾತ್ರಿ, ಅದೇ ಹೆದ್ದಾರಿಯಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಇನ್ನೊಂದು ಲಾರಿ ನೀರಿಗೆ ಬಿತ್ತು. ಪಕ್ಕದಲ್ಲೇ ಹೊಸ ಸೇತುವೆ ಇತ್ತು, ಹಳೆಯದನ್ನೂ ಒಂದು ದಿಕ್ಕಿನ ಓಡಾಟಕ್ಕೆ ಬಳಸಲಾಗುತ್ತಿತ್ತು. ಆ ಚಾಲಕ ಬದುಕಿ ಬಂದ, ಅದೊಂದು ಸಮಾಧಾನ.

ಕಲ್ಲಡ್ಕದ್ದು ಬೇರೆ ರೀತಿಯ ಕಥೆ. ಅಲ್ಲಿ ಗುಡ್ಡವಿಲ್ಲ, ಪೇಟೆ ಇದೆ. ಪದರ ಪದರವಾಗಿ ನಿಲ್ಲುವ ‘ಕೆಟಿ’ ಚಹಾ ಕುಡಿಯಲೆಂದೇ ಜನ ಗಾಡಿ ನಿಲ್ಲಿಸುವ ಪೇಟೆ. ಅದರ ನೆತ್ತಿಯ ಮೇಲೆ ಎರಡು ಕಿಲೋಮೀಟರ್ ಉದ್ದದ ಮೇಲ್ಸೇತುವೆ ಎದ್ದು ನಿಲ್ಲುವವರೆಗೆ ಕೆಳಗಿನ ಸರ್ವಿಸ್ ರಸ್ತೆ ಮಳೆಗಾಲದಲ್ಲಿ ಕೆಸರುಗದ್ದೆ, ಬೇಸಿಗೆಯಲ್ಲಿ ದೂಳಿನ ಕುಲುಮೆ. ಗುಂಡಿಗೆ ಜಲ್ಲಿ ಸುರಿಯುವುದು, ಎರಡು ದಿನಕ್ಕೆ ಅದು ಎದ್ದು ಹೋಗುವುದು, ಮತ್ತೆ ಸುರಿಯುವುದು. ಅಂಗಡಿಯವರು ಬಾಗಿಲಿಗೆ ಪ್ಲಾಸ್ಟಿಕ್ ಕಟ್ಟಿ ವ್ಯಾಪಾರ ಮಾಡಿದರು. 2025ರಲ್ಲಿ ಸೇತುವೆ ಓಡಾಟಕ್ಕೆ ತೆರೆಯಿತು. ಈಗ ಕೆಲವೇ ನಿಮಿಷದಲ್ಲಿ ಆ ಪೇಟೆಯನ್ನು ದಾಟಬಹುದು. ಕೆಳಗೆ ಕಳೆದ ಮಳೆಗಾಲಗಳಿಗೆ ಮಾತ್ರ ಯಾರೂ ಪರಿಹಾರ ಕೊಡಲಿಲ್ಲ.

ಇಷ್ಟೆಲ್ಲ ಅನಿವಾರ್ಯ ಎಂದು ವಾದಿಸುವವರಿಗೆ ಕಾಗದದ ಮೇಲೆ ಏನಿದೆ ಎಂಬುದನ್ನು ಹೇಳಬೇಕು. ರಾಷ್ಟ್ರೀಯ ಹೆದ್ದಾರಿಗಳ ಮಾದರಿ ಗುತ್ತಿಗೆ ಒಪ್ಪಂದದಲ್ಲೇ ಒಂದು ಷರತ್ತು ಇದೆ. ಕಾಮಗಾರಿ ನಡೆಯುವ ಕಾಲದಲ್ಲಿ ಈಗಿರುವ ರಸ್ತೆಯನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲೇ ನಿರ್ವಹಿಸಬೇಕು. ಸಂಚಾರ ಯೋಗ್ಯತೆಯಲ್ಲಾಗಲಿ ಸುರಕ್ಷತೆಯಲ್ಲಾಗಲಿ ಅದು ಒಪ್ಪಂದಕ್ಕೆ 10 ದಿನ ಮೊದಲು ಇದ್ದ ಸ್ಥಿತಿಗಿಂತ ಹೇಳಿಕೊಳ್ಳುವಷ್ಟು ಕೆಡಕೂಡದು. ಕಾಮಗಾರಿ ವಲಯದ ಸಂಚಾರ ನಿರ್ವಹಣೆಗೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಒಂದು ಪೂರ್ತಿ ಕೈಪಿಡಿ ಪ್ರಕಟಿಸಿದೆ. ಚಾಲಕನಿಗೆ ಮುಂಚಿತವಾಗಿ ಎಚ್ಚರಿಕೆ ಕೊಡುವ ಭಾಗ ಎಲ್ಲಿ ಶುರುವಾಗಬೇಕು, ಪಥ ಬದಲಿಸುವ ಭಾಗ ಹೇಗಿರಬೇಕು, ಕೆಲಸದ ಜಾಗ ಮುಗಿದ ಮೇಲೆ ಮತ್ತೆ ಮಾಮೂಲು ರಸ್ತೆಗೆ ಹೇಗೆ ತರಬೇಕು ಎಂಬುದೆಲ್ಲ ಅದರಲ್ಲಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವಿಗೋ ಅಂಗವೈಕಲ್ಯಕ್ಕೋ ಕಾರಣವಾದರೆ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರ ಯಾರೇ ಆಗಲಿ ಒಂದು ಲಕ್ಷ ರೂಪಾಯಿವರೆಗೆ ದಂಡ ತೆರಬೇಕು. ನಿಯಮಕ್ಕೆ ಬರವಿಲ್ಲ. ಹೆಲ್ಮೆಟ್ ಇಲ್ಲದವನನ್ನು ಹಿಡಿಯುವ ಚುರುಕು ಈ ಕಲಂ ಬಳಸುವಾಗ ಕಾಣುವುದಿಲ್ಲ. ಕೋಟಿಗಟ್ಟಲೆಯ ಗುತ್ತಿಗೆಯಲ್ಲಿ ಲಕ್ಷದ ದಂಡ ಯಾರನ್ನು ತಡೆಯುತ್ತದೆ ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಕೇರಳದವರು ಇಂಥ ಪ್ರಶ್ನೆಯನ್ನು ನ್ಯಾಯಾಲಯದಲ್ಲೇ ಕೇಳಿದರು. ತ್ರಿಶೂರು ಜಿಲ್ಲೆಯ ಪಾಲಿಯೆಕ್ಕರ ಟೋಲ್ ಇರುವ ಹೆದ್ದಾರಿ 544ರಲ್ಲಿ ಅಂಡರ್‌ಪಾಸ್ ಕೆಲಸಗಳಿಂದ ವಾಹನಗಳು ಗಂಟೆಗಟ್ಟಲೆ ನಿಲ್ಲುತ್ತಿದ್ದವು. 2025ರ ಆಗಸ್ಟ್ 6ರಂದು ಅಲ್ಲಿನ ಹೈಕೋರ್ಟ್, ರಸ್ತೆ ಸರಿಯಾಗುವವರೆಗೆ ಟೋಲ್ ಬೇಡ ಎಂದು ನಾಲ್ಕು ವಾರ ವಸೂಲಿ ನಿಲ್ಲಿಸಿತು. ಹೆದ್ದಾರಿ ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 65 ಕಿ.ಮೀ. ದಾಟಲು 12 ಗಂಟೆ ಹಿಡಿಯುವುದಾದರೆ ಜನ 150 ರೂಪಾಯಿ ಏಕೆ ಕೊಡಬೇಕು ಎಂದು ನ್ಯಾಯಪೀಠ ಕೇಳಿತು, ಮೇಲ್ಮನವಿಯನ್ನು ತಳ್ಳಿಹಾಕಿತು. ಕಾಮಗಾರಿ ಎಂಬುದು ಸಬೂಬಲ್ಲ ಎಂದು ದೇಶದ ಅತ್ಯುನ್ನತ ನ್ಯಾಯಾಲಯವೇ ಹೇಳಿದಂತಾಯಿತು.

ನಮ್ಮಲ್ಲಿ ಇದರ ಉಲ್ಟಾ ನಡೆದದ್ದೂ ಉಂಟು. ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು, ಒಂದೆರಡು ದಿನದಲ್ಲೇ ಟೋಲ್ ಶುರುವಾಯಿತು. ವಾರದೊಳಗೆ ಬಿದ್ದ ಮಳೆಗೆ ರಾಮನಗರದ ಬಳಿ ಅಂಡರ್‌ಪಾಸ್‌ನಲ್ಲಿ ನೀರು ನಿಂತು ವಾಹನಗಳು ಕೆಟ್ಟು ನಿಂತವು. ಅಪಘಾತಗಳ ಸರಮಾಲೆಯ ನಂತರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆ ನಿಷೇಧವಾಯಿತು.

ಹಾಗಾದರೆ ಮಾಡುವುದೇನು? ಇದೇ ಶಿರಾಡಿಯಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. ಘಾಟಿಗೆ ಕಾಂಕ್ರೀಟ್ ಹಾಕಲು 2015ರ ಆರಂಭದಲ್ಲಿ ರಸ್ತೆಯನ್ನು ಪೂರ್ತಿ ಮುಚ್ಚಿ ಆಗಸ್ಟ್‌ನಲ್ಲಿ ತೆರೆದರು. ಎರಡನೆಯ ಹಂತಕ್ಕೆ 2018ರ ಜನವರಿಯಲ್ಲಿ ಮುಚ್ಚಿ ಜುಲೈನಲ್ಲಿ ತೆರೆದರು. ಚಾರ್ಮಾಡಿ, ಸಂಪಾಜೆಗಳ ಮೇಲೆ ಹೊರೆ ಬಿತ್ತು, ಭಾರದ ಲಾರಿಗಳು ಎಷ್ಟೋ ದೂರ ಸುತ್ತಿ ಹೋದವು, ಜನ ಬೈದರು. ಆದರೂ ಮುಚ್ಚುವ ದಿನ ಮೊದಲೇ ಗೊತ್ತಿತ್ತು, ಕೆಲಸ ತಿಂಗಳುಗಳ ಲೆಕ್ಕದಲ್ಲಿ ಮುಗಿಯಿತು, ಆ ಕಾಂಕ್ರೀಟ್ ಮೇಲೆ ಇಂದಿಗೂ ಓಡಾಡುತ್ತಿದ್ದೇವೆ. ಅರ್ಧ ತೆರೆದು ಎಂಟು ವರ್ಷ ಗೋಳಾಡಿಸುವುದಕ್ಕಿಂತ ಹೇಳಿ ಮುಚ್ಚಿ ಆರು ತಿಂಗಳಲ್ಲಿ ಮುಗಿಸುವುದು ಮೇಲು ಎಂದೇ ನನ್ನ ಎಣಿಕೆ. ಎಲ್ಲ ಕಡೆ ಹಾಗೆ ಮುಚ್ಚಲಾಗದು, ನಿಜ. ಮುಚ್ಚಲಾಗದ ಕಡೆ ಒಂದೇ ಸಲ ಅರವತ್ತು ಕಿ.ಮೀ. ಅಗೆದು ಹಾಕದೆ ಐದೈದು ಕಿ.ಮೀ. ಮುಗಿಸಿಕೊಂಡು ಮುಂದೆ ಹೋಗಲಿ. ಡೈವರ್ಷನ್‌ಗಳಿಗೆ ಮೇ ತಿಂಗಳೊಳಗೆ ಡಾಂಬರು ಬೀಳಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡಕ್ಕೆ ಜೆಸಿಬಿ ಹಚ್ಚುವುದು ನಿಲ್ಲಲಿ. ರಸ್ತೆ ಬಂದ್ ಆದರೆ ಆ ಸುದ್ದಿ ಹಾಸನದಲ್ಲೂ ಬಿ.ಸಿ. ರೋಡ್‌ನಲ್ಲೂ ದೊಡ್ಡ ಬೋರ್ಡಿನ ಮೇಲೆ ಕಾಣಲಿ. ಘಾಟಿಯ ಬುಡಕ್ಕೆ ಬಂದ ಮೇಲೆ ಲಾರಿಯನ್ನು ತಿರುಗಿಸು ಎನ್ನುವುದು ಅನ್ಯಾಯ.

ಓದುಗರಲ್ಲಿ ಒಂದು ಬಿನ್ನಹ. ಕಾಮಗಾರಿಯ ದಾರಿಯಲ್ಲಿ ಅಪಾಯದ ತಿರುವು, ಬೆಳಕಿಲ್ಲದ ಡೈವರ್ಷನ್, ತೆರೆದ ಹೊಂಡ ಕಂಡರೆ ಬೈದುಕೊಂಡು ಮುಂದೆ ಹೋಗಬೇಡಿ. ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ, ದೂರು ದಾಖಲಾದ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಅಲ್ಲಿ ಯಾರಿಗಾದರೂ ಏನಾದರೂ ಆದರೆ, ಗೊತ್ತೇ ಇರಲಿಲ್ಲ ಎಂದು ಯಾರೂ ಜಾರಿಕೊಳ್ಳದಂತೆ ತಡೆಯಲು ಆ ಸಂಖ್ಯೆ ಬೇಕಾಗುತ್ತದೆ.